ಗೋಧಿ ಬಿಡುವ ಮುನ್ನ ರಕ್ತಪರೀಕ್ಷೆ

ನೀಲಗಿರಿಯ ಲವ್‌ಡೇಲ್‌ನಿಂದ ಕೂನೂರಿನತ್ತ ಇಳಿಯುವ ಪುಟಾಣಿ ರೈಲು ಕೇತ್ತಿ, ಅರುವಂಕಾಡು ದಾಟಿ ವೆಲಿಂಗ್ಟನ್ ತಲುಪುತ್ತದೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಗೋಧಿ ಕೇಂದ್ರ ಇರುವುದು ಅಲ್ಲೇ. ಬಯಲುಸೀಮೆಯ ಬೇಸಿಗೆ ತಾಳಲಾರದ ತುಕ್ಕುರೋಗದ ಶಿಲೀಂಧ್ರ ಈ ತಂಪಿನಲ್ಲಿ ವರ್ಷವಿಡೀ ಬದುಕಿರುತ್ತದೆ. ರೋಗ ತಡೆಯುವ ತಳಿಗಳನ್ನು ಒರೆಗೆ ಹಚ್ಚಲು ಹೇಳಿಮಾಡಿಸಿದ ಜಾಗ. ‘ನೀಲಗಿರಿ ಖಪ್ಲಿ’ ತಳಿ ಬಂದದ್ದು ಇಲ್ಲಿಂದಲೇ. ತಮಿಳುನಾಡಿನ ಸಾಂಬಾ ಗೋಧಿ, ನಮ್ಮ ಬೆಳಗಾವಿ, ಧಾರವಾಡದ ಜವೆಗೋಧಿ ಎಲ್ಲವೂ ಅದೇ ಜಾತಿಯವು.

ಈ ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇಲ್ಲವೆಂದು ನಂಬಿಸಿ ಮಾರುವವರಿದ್ದಾರೆ. ಅದು ಸುಳ್ಳು, ಅಪಾಯದ ಸುಳ್ಳು. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಜವೆಗೋಧಿ ತಿಂದರೂ ಸಣ್ಣಕರುಳಿನ ಒಳಪದರ ಹಾಳಾಗುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ಅವರು ಯಾವ ಗೋಧಿಯನ್ನೂ, ಬಾರ್ಲಿಯನ್ನೂ ಜೀವನಪೂರ್ತಿ ಮುಟ್ಟುವಂತಿಲ್ಲ.

ಅಂಥವರು ಎಷ್ಟು ಮಂದಿ? 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಲಾಯಿತು. ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23 ಮಂದಿಯ ರಕ್ತದಲ್ಲಿದ್ದವು, ದಕ್ಷಿಣದಲ್ಲಿ ಬರೀ ಶೇ 0.10 ಮಂದಿಯಲ್ಲಿ. ಕಾಯಿಲೆಗೆ ದಾರಿಮಾಡುವ ಜೀನ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಮೂವರಲ್ಲೊಬ್ಬರಿಗೆ ಇತ್ತು. ವ್ಯತ್ಯಾಸವಿದ್ದದ್ದು ಊಟದಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ರಾಗಿ, ಸಾಮೆ ಉಣ್ಣುತ್ತಿದ್ದ ಮನೆಗಳು ಚಪಾತಿಗೆ, ಮೈದಾ ಬ್ರೆಡ್ಡಿಗೆ ಹೊರಳುತ್ತಿರುವ ಈ ಹೊತ್ತಿನಲ್ಲಿ ನಮ್ಮ ಕಡೆಯ ವೈದ್ಯರು ಇದನ್ನು ಮನಸ್ಸಿನಲ್ಲಿಡಬೇಕು.

ಉಳಿದ ಬಹುಪಾಲು ಜನರಿಗೆ ಗೋಧಿ ವಿಷವಲ್ಲ. ತೌಡು ತೆಗೆಯದ ಹಿಟ್ಟಿನಲ್ಲಿ ನಾರಿದೆ, ಪ್ರೋಟೀನ್ ಇದೆ. ಊಟಿಯ ಹೆಸರಾಂತ ವರ್ಕಿಯನ್ನು ದಿನವೂ ತಿಂದು ಮೈ ಕೆಟ್ಟರೆ ಅದರ ಮೈದಾ, ಕೊಬ್ಬನ್ನು ಮೊದಲು ನೋಡಬೇಕು. ಚಪಾತಿ ತಿಂದರೆ ಹೊಟ್ಟೆಯುಬ್ಬರ ಎನ್ನುವವರ ಸಂಕಟವೂ ನಿಜವೇ. ಆದರೆ ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ, ಸುಲಭವಾಗಿ ಜೀರ್ಣವಾಗದ ಶರ್ಕರವೂ ಅದಕ್ಕೆ ಕಾರಣವಾಗಿರಬಹುದು. ಅದಕ್ಕಾಗಿ ದುಬಾರಿ ‘ಗ್ಲುಟೆನ್ ಮುಕ್ತ’ ಬಿಸ್ಕತ್ತು ಕೊಳ್ಳುವುದು ನನಗೆ ಸರಿಕಾಣದು. ರಾಗಿಯಲ್ಲಿ, ಅಕ್ಕಿಯಲ್ಲಿ, ಸಾಮೆಯಲ್ಲಿ ಹುಟ್ಟಿನಿಂದಲೇ ಗ್ಲುಟೆನ್ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ತಾವಾಗಿಯೇ ಗೋಧಿ ಬಿಟ್ಟು, ತಿಂಗಳುಗಳಾದ ಮೇಲೆ ವೈದ್ಯರಲ್ಲಿಗೆ ಹೋಗುವವರ ಪಾಡು. ಗೋಧಿ ನಿಲ್ಲಿಸಿದರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯುತ್ತದೆ. ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದವರು, ತಿಂಗಳುಗಟ್ಟಲೆ ಭೇದಿ ನಿಲ್ಲದವರು, ಎತ್ತರ ಬೆಳೆಯದ ಮಗುವಿನ ಹೆತ್ತವರು ಗೋಧಿ ಬಿಡುವ ಮೊದಲೇ, ಈ ಪ್ರತಿಕಾಯಗಳನ್ನು ಹುಡುಕುವ ಟಿಟಿಜಿ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿ.