ನಿಲ್ದಾಣದ ಅಳತೆ ಯಾರ ಹತ್ತಿರ ಇದೆ?

ಭಾನುವಾರ ಬೆಳಗಾದರೆ ನಂದಿ ಬೆಟ್ಟಕ್ಕೆ ಬೆಂಗಳೂರಿನ ಬೈಕು, ಕಾರುಗಳ ಜಾತ್ರೆ. ಬೆಟ್ಟದ ತಪ್ಪಲಲ್ಲಿರುವ ನಂದಿ ಹಾಲ್ಟ್ ಎಂಬ ಪುಟ್ಟ ರೈಲು ನಿಲ್ದಾಣದ ಕಡೆ ತಿರುಗಿ ನೋಡುವವರು ಎಷ್ಟು ಮಂದಿ? ಅವರು ಹೊರಗಿನವರು, ಬಿಡಿ. ನಮ್ಮವರೇ ನೋಡೋದಿಲ್ಲವಲ್ಲ!

ಈ ರೈಲು ದಾರಿಗೆ ನೂರು ವರ್ಷ ದಾಟಿದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರು. ಆ ದಶಕದಲ್ಲೇ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೂ, ಬಂಗಾರಪೇಟೆಯಿಂದ ಕೋಲಾರಕ್ಕೂ ಎರಡೂವರೆ ಅಡಿಯ ಸಣ್ಣ ಹಳಿ ಬಂತು. ಆಮೇಲೆ ಒಂದೊಂದಾಗಿ ಆ ಹಳಿ ಹೋಗಿ ಐದೂವರೆ ಅಡಿಯ ದೊಡ್ಡ ಹಳಿ ಬಂತು. ಕೋಲಾರ–ಚಿಕ್ಕಬಳ್ಳಾಪುರದ ನಡುವೆ ದೊಡ್ಡ ಹಳಿಯ ರೈಲು ಓಡಿದ್ದು 2013ರಲ್ಲಿ. ಅನುಕೂಲ ಆಯಿತು, ಇಲ್ಲ ಅನ್ನೋದಿಲ್ಲ. ಆದರೆ ಆ ಸಣ್ಣ ರೈಲಿನ ಕಾಲವನ್ನು ಮಕ್ಕಳಿಗೆ ತೋರಿಸೋಣ ಅಂದರೆ, ಹಿರಿಯರ ನೆನಪು ಬಿಟ್ಟು ನಮ್ಮ ಊರುಗಳಲ್ಲಿ ಏನಿದೆ?

ನಂದಿ ಹಾಲ್ಟ್‌ನಂಥ ಹಳೆಯ ನಿಲ್ದಾಣಗಳ ದುರಸ್ತಿಗೆ ಇಂಟ್ಯಾಕ್ ಸಂಸ್ಥೆ ರೈಲ್ವೆಯೊಡನೆ ಸೇರಿ ಕೈಹಾಕಿದ್ದು ಸಂತೋಷದ ಸಂಗತಿ. ಊರಿನವರು ಮಾಡಬೇಕಾದ ಕೆಲಸವೂ ಒಂದಿದೆ. ನಿಲ್ದಾಣವನ್ನು ಇಂಚಿಂಚು ಅಳೆದು, ಅದರ ಮಾದರಿಯನ್ನು ಕೈಯಾರೆ ಕಟ್ಟಿಡುವುದು.

ರಾಜ್ಯೋತ್ಸವದ ಮೆರವಣಿಗೆಗೆ ಥರ್ಮೋಕೋಲ್ ಕೊಯ್ದು ಬಣ್ಣ ಬಳಿಯುತ್ತಾರಲ್ಲ, ಅದಲ್ಲ. ಅಂಗಡಿಯಿಂದ ಡಬ್ಬಿ ತಂದು ಜೋಡಿಸುವುದೂ ಅಲ್ಲ. ಲೆಕ್ಕ ಸುಲಭ. ಒಂದು ಅಡಿಗೆ ಕಾಲು ಅಂಗುಲ, ಅಂದರೆ 48ರಲ್ಲಿ ಒಂದು ಪಾಲು. 60 ಅಡಿಯ ಕಟ್ಟಡ 15 ಅಂಗುಲ ಆಗುತ್ತದೆ. ಏಳಡಿ ಬಾಗಿಲು ಒಂದೂಮುಕ್ಕಾಲು ಅಂಗುಲ. ಆರಡಿ ಆಳು ಒಂದೂವರೆ ಅಂಗುಲ. ಆ ಎರಡೂವರೆ ಅಡಿಯ ಹಳಿ ಅಂಗುಲದ ಎಂಟು ಪಾಲಿನಲ್ಲಿ ಐದು ಪಾಲು. ಅಂಗಡಿಯ ಶೋಕೇಸಿನಲ್ಲಿ ಇಡೀ ನಿಲ್ದಾಣ ಕೂರುತ್ತದೆ.

ಬೇಕಾದ್ದು ಟೇಪು, ನೋಟ್ ಪುಸ್ತಕ, ದಪ್ಪ ರಟ್ಟು, ತೆಳು ಪ್ಲೈವುಡ್, ಅಂಟು, ಹರಿತವಾದ ಬ್ಲೇಡು, ಮತ್ತೆ ತಾಳ್ಮೆ. ಕೈಗೆ ಎಟುಕದ ಸೂರಿನ ಎತ್ತರ ತಿಳಿಯೋಕೆ ಏಣಿ ಬೇಡ. ಅಡಿ ಗುರುತು ಹಾಕಿದ ಕೋಲನ್ನು ಗೋಡೆಗೆ ಒರಗಿಸಿ, ಎದುರಿಗೆ ನೇರವಾಗಿ ನಿಂತು ಫೋಟೋ ತೆಗೆದರೆ ಸಾಕು. ಇಟ್ಟಿಗೆ ಗೋಡೆಯಾದರೆ ಒಂದು ವರಸೆಯ ಎತ್ತರ ಅಳೆದು, ವರಸೆಗಳನ್ನು ಎಣಿಸಿ. ಮಂಗಳೂರು ಹೆಂಚಿನ ಉದ್ದ ಸುಮಾರು 16 ಅಂಗುಲ. ಮಾದರಿಯಲ್ಲಿ ಅದು ಒಂದು ಅಂಗುಲದ ಮೂರನೇ ಒಂದು ಪಾಲು. ರಟ್ಟಿನ ಪಟ್ಟಿ ಕೊಯ್ದು ಸೂರಿನ ಅಂಚಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸುತ್ತಾ ಹೋಗಬೇಕು.

"ಆಟದ ಸಾಮಾನಿಗೆ ಇಷ್ಟೊಂದು ರಾಮಾಯಣವೇ?" ಅಂತ ಕೇಳೋರಿದ್ದಾರೆ. ಸ್ವಾಮಿ, ಆಟಿಕೆ ಉಳಿಯುವುದು ಆಮೇಲಿನ ಮಾತು. ಮೊದಲು ಉಳಿಯುವುದು ಆ ಅಳತೆಯ ಪುಸ್ತಕ. ನಾಳೆ ಗೋಡೆ ಬಿರುಕು ಬಿಟ್ಟರೆ, ಕಿಟಕಿ ಕಿತ್ತುಹೋದರೆ, ಹಳೆಯದು ಹೇಗಿತ್ತು ಅಂತ ಹೇಳೋದು ಅದೇ. ಬಾಯಿಮಾತು ನಂಬಿ ರಿಪೇರಿ ಮಾಡಿದರೆ ಕಲ್ಲಿನ ಮೇಲೆ ಸಿಮೆಂಟು, ಹೆಂಚಿನ ಜಾಗದಲ್ಲಿ ತಗಡು ಬರುತ್ತದೆ. ಇಂಥದ್ದನ್ನು ನೋಡಿ ನೋಡಿ ನಮ್ಮ ಕಣ್ಣು ಸವೆದಿದೆ.

ಒಂದು ಎಚ್ಚರಿಕೆ. "ಮಾದರಿ ಇದೆಯಲ್ಲ, ಹಳೇ ಕಟ್ಟಡ ಯಾಕೆ?" ಅಂತ ಯಾರೂ ರಾಗ ತೆಗೆಯಬಾರದು. ಅಜ್ಜನ ಫೋಟೋ ಗೋಡೆಗೆ ಹಾಕಿದ ಮಾತ್ರಕ್ಕೆ ಬದುಕಿರುವ ಅಜ್ಜನನ್ನು ಮನೆಯಿಂದ ಹೊರಗೆ ಕಳಿಸುತ್ತೇವೆಯೇ?

1979ರಲ್ಲಿ ಮೈಸೂರಿನಲ್ಲಿ ರೈಲು ಮ್ಯೂಸಿಯಂ ತೆರೆದಿದ್ದರಿಂದ ಮಹಾರಾಣಿಯ ಬೋಗಿಯನ್ನು ನಮ್ಮ ಮಕ್ಕಳು ಇವತ್ತೂ ನೋಡುತ್ತಾರೆ. ನಮಗೆ ಅಷ್ಟು ದೊಡ್ಡದು ಬೇಡ. ಒಂದು ಐಟಿಐ, ಎರಡು ಹೈಸ್ಕೂಲು ಮುಂದೆ ಬರಲಿ. ರೈಲ್ವೆಯವರ ಅಪ್ಪಣೆ ಪಡೆದು, ಮೇಷ್ಟರ ಜೊತೆ ಹುಡುಗರು ಹೋಗಿ ಅಳೆಯಲಿ. ಸಣ್ಣ ರೈಲಿನಲ್ಲಿ ಓಡಾಡಿದ ಹಿರಿಯರು ಪಕ್ಕದಲ್ಲಿ ಕೂತು ತಪ್ಪು ತಿದ್ದಲಿ. ರಟ್ಟು, ಅಂಟಿನ ಖರ್ಚು ವರ್ತಕರಿಗೆ ಭಾರವಲ್ಲ. ಮುಗಿದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಬಸ್ ಸ್ಟ್ಯಾಂಡಿನಲ್ಲೇ ಇಡಿ. ಬಸ್ಸು ಕಾಯುವವರು ನೋಡಲಿ.

ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಟೇಪು ಹಿಡಿಯೋರು ಯಾರು? ಮುಂದೆ ಬನ್ನಿ.