ಕಂಪ್ಯೂಟರ್‌ಗೆ ಎಣ್ಣೆ ಸ್ನಾನ ಮಾಡಿಸೋ ಮೊದಲು ಬೀದಿಯ ಟಿಸಿ ನೋಡಿ

"ಏನಪ, ಕಂಪ್ಯೂಟರ್‌ನ ಮಿರ್ಚಿ ಕರದಂಗ ಕರಿಯಾಕ ಹೊಂಟೀಯೇನು?"

ಕಳೆದ ಮೇ ತಿಂಗಳಲ್ಲಿ ನಮ್ಮಪ್ಪ ನನ್ನನ್ನ ಕೇಳಿದ ಪ್ರಶ್ನೆ ಇದು. ಆಗ ಸಿಟ್ಟು ಬಂದಿತ್ತು. ಈಗ ಅದನ್ನೇ ನಿಮ್ಮೆಲ್ಲರಿಗೂ ಕೇಳಬೇಕು ಅನ್ಸುತ್ತೆ. ಯಾಕಂದ್ರೆ ನಮ್ಮ ಹಾಸ್ಟೆಲ್‌ನಲ್ಲೇ ಮೂರು ಜನ ಈ ಬೇಸಿಗೆಗೆ ಅದೇ ಪ್ಲ್ಯಾನ್ ಹಾಕಿದ್ದಾರೆ: ಮದರ್‌ಬೋರ್ಡನ್ನ ಮೀನಿನ ಗಾಜಿನ ತೊಟ್ಟಿಯಲ್ಲಿ ಇಟ್ಟು, ತುಂಬ ಮಿನರಲ್ ಆಯಿಲ್ ಸುರಿದು, ಮುಳುಗಿಸಿಯೇ ಓಡಿಸೋದು.

ನಮ್ಮೂರು ಸಿರುಗುಪ್ಪ. ಏಪ್ರಿಲ್-ಮೇ ಬಂತು ಅಂದ್ರೆ 40 ಡಿಗ್ರಿ ದಾಟೋದು ನಮಗೆ ಸುದ್ದಿಯೇ ಅಲ್ಲ. ಮನೆ ಇರೋದು ರೈಸ್ ಮಿಲ್‌ಗಳ ಕಡೆ, ಅಪ್ಪ ಕೆಲಸ ಮಾಡೋದೂ ಒಂದು ಮಿಲ್ಲಿನಲ್ಲೇ. ಮನೆಗೆಲ್ಲ ಒಂದೇ ಕಂಪ್ಯೂಟರ್. ಹಗಲು ಅಕ್ಕ ಅದರಲ್ಲಿ ಎರಡು ಅಂಗಡಿಗಳ ಟ್ಯಾಲಿ ಎಂಟ್ರಿ ಮಾಡ್ತಾಳೆ, ಆ ದುಡ್ಡಲ್ಲೇ ನನ್ನ ಮೆಸ್ ಬಿಲ್ ಹೋಗುತ್ತೆ. ರಾತ್ರಿ ಅದು ನಂದು. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ, ಗೇಮ್‌ಗೇ ಅಂತ ಒಪ್ಕೋತೀನಿ. ಆ ಬೇಸಿಗೆಯಲ್ಲಿ ಮೆಷಿನ್ ಬಿಸಿಯಾಗಿ ತಾನೇ ಆಫ್ ಆಗೋಕೆ ಶುರುವಾಯ್ತು. ಒಂದು ದಿನ ಅಕ್ಕನ ಕೆಲಸದ ಮಧ್ಯದಲ್ಲೇ ಹೋಯ್ತು.

ಆಗ ನನ್ನ ಕಣ್ಣಿಗೆ ಬಿದ್ದಿದ್ದು ಎಣ್ಣೆಯ ವಿಡಿಯೋಗಳು. ಐಡಿಯಾ ಪೆದ್ದುತನದ್ದೇನಲ್ಲ. ನೀರಿನ ಹಾಗೆ ಎಣ್ಣೆ ಕರೆಂಟ್ ಹರಿಸಲ್ಲ, ಶಾರ್ಟ್ ಆಗಲ್ಲ. ಗಾಳಿಗಿಂತ ಐದು ಪಟ್ಟು ಚೆನ್ನಾಗಿ ಬಿಸಿಯನ್ನ ಸಾಗಿಸುತ್ತೆ. ಒಂದು ಲೀಟರ್ ಗಾಳಿಯನ್ನ ಒಂದು ಡಿಗ್ರಿ ಏರಿಸೋಕೆ ಬೇಕಾಗೋ ಶಾಖಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಒಂದು ಲೀಟರ್ ಎಣ್ಣೆಗೆ ಬೇಕು. ಫ್ಯಾನ್ ಸದ್ದಿಲ್ಲ, ಧೂಳು ಒಳಗೆ ಹೋಗಲ್ಲ. ಇದಿಷ್ಟೂ ನಿಜ. ನಾನು ಮನೇಲಿ ಭಾಷಣ ಮಾಡಿದ್ದೂ ಇದನ್ನೇ.

ಅಕ್ಕ ಒಂದೇ ಮಾತು ಹೇಳಿದಳು. "ಲೆಕ್ಕ ಮಾಡಿ ತೋರ್ಸು. ಸುಟ್ರ ನನ್ ಕೆಲ್ಸ ಹೋಗ್ತೈತಿ, ನಿಂದಲ್ಲ."

ಪಿಯುಸಿ ಫಿಸಿಕ್ಸ್ ಸಾಕಾಯ್ತು. 20 ಲೀಟರ್ ಎಣ್ಣೆ ಅಂದ್ರೆ ಸುಮಾರು 17 ಕೆಜಿ. ಕೆಜಿಗೆ ಒಂದು ಡಿಗ್ರಿ ಏರಿಸೋಕೆ ಹತ್ತಿರ ಹತ್ತಿರ 1.9 ಕಿಲೋಜೂಲ್. ಅಲ್ಲಿಗೆ ಇಡೀ ತೊಟ್ಟಿ ಒಂದು ಡಿಗ್ರಿ ಏರೋಕೆ 32 ಕಿಲೋಜೂಲ್. ಗೇಮ್ ಆಡುವಾಗ ಮೆಷಿನ್ 300 ವಾಟ್ ಬಿಸಿ ಬಿಡುತ್ತೆ ಅಂತ ಇಟ್ಕೊಳ್ಳಿ, ಅಂದ್ರೆ ನಿಮಿಷಕ್ಕೆ 18 ಕಿಲೋಜೂಲ್. ಎರಡು ನಿಮಿಷ ಆಗೋ ಮೊದಲೇ ಒಂದು ಡಿಗ್ರಿ! ರೂಮ್ 38 ಡಿಗ್ರಿ ಇದ್ರೆ, ಬಿಸಿ ಹೊರಗೆ ಹೋಗದಿದ್ದಲ್ಲಿ ಒಂದು ಗಂಟೆಯೊಳಗೆ ಎಣ್ಣೆ 68 ಮುಟ್ಟುತ್ತೆ.

ಖಂಡಿತ ಒಂದಿಷ್ಟು ಹೊರಗೆ ಹೋಗುತ್ತೆ. ಎಷ್ಟು ಅನ್ನೋದೇ ಪ್ರಶ್ನೆ. ಅಷ್ಟು ಚಿಕ್ಕ ತೊಟ್ಟಿಯ ಎಲ್ಲಾ ಮೈ ಸೇರಿಸಿದ್ರೂ ಅರ್ಧ ಚದರ ಮೀಟರ್ ಆಗಬಹುದು. ಸುಮ್ಮನೆ ನಿಂತ ಗಾಳಿಗೆ ಒಂದು ಚದರ ಮೀಟರ್ ಮೈ ಬಿಟ್ಟುಕೊಡೋದು ಡಿಗ್ರಿಗೆ ಸುಮಾರು 10 ವಾಟ್. ನಮ್ಮ ತೊಟ್ಟಿಗೆ 5 ವಾಟ್. 300 ವಾಟ್ ಹೊರಗೆ ಹೋಗಬೇಕು ಅಂದ್ರೆ ಎಣ್ಣೆ ರೂಮಿಗಿಂತ 60 ಡಿಗ್ರಿ ಹೆಚ್ಚು ಬಿಸಿ ಇರಬೇಕು. 38ಕ್ಕೆ 60 ಸೇರಿಸಿ: 98. ಅಷ್ಟರೊಳಗೆ ಪ್ರೊಸೆಸರ್ ತಾನೇ ವೇಗ ಇಳಿಸಿರುತ್ತೆ, ಇಲ್ಲಾ ಮೆಷಿನ್ ಆಫ್ ಆಗಿರುತ್ತೆ. ಅಪ್ಪನ ಮಿರ್ಚಿ ಜೋಕು ಅಷ್ಟೇನೂ ಜೋಕಾಗಿರಲಿಲ್ಲ.

ಈಗ ನಾವು ಬಯ್ಯೋ ಫ್ಯಾನ್ ಕಡೆ ನೋಡಿ. ನಿಮಿಷಕ್ಕೆ 50 ಘನ ಅಡಿ ಗಾಳಿ ತಳ್ಳೋ ಸಾಧಾರಣ ಕ್ಯಾಬಿನೆಟ್ ಫ್ಯಾನ್, ಪ್ರತಿ ಡಿಗ್ರಿಗೆ ಸುಮಾರು 28 ವಾಟ್ ಹೊರಗೆ ಸಾಗಿಸುತ್ತೆ. 300 ವಾಟ್‌ಗೆ ಗಾಳಿ 11 ಡಿಗ್ರಿಯಷ್ಟು ಬಿಸಿಯಾದ್ರೆ ಕೆಲಸ ಮುಗೀತು. ಎಣ್ಣೆ ಬಿಸಿಯನ್ನ ಬಚ್ಚಿಟ್ಕೊಳ್ಳುತ್ತೆ. ಫ್ಯಾನ್ ಅದನ್ನ ಮನೆಯಿಂದ ಹೊರಗೆ ಹಾಕೋ ದಾರಿಗೆ ತಳ್ಳುತ್ತೆ.

ಇದು ನನಗೆ ಪೂರ್ತಿ ಅರ್ಥ ಆಗಿದ್ದು ಮೂರನೇ ಸೆಮಿಸ್ಟರ್‌ನಲ್ಲಿ. ನಾನು ಇಇಇ. ಟ್ರಾನ್ಸ್‌ಫಾರ್ಮರ್ ಕೂಲಿಂಗ್‌ನ ವಿಧಗಳು ಎಕ್ಸಾಮ್‌ಗೆ ಗ್ಯಾರಂಟಿ ಅಂತ ಎಲ್ಲರೂ ಬಾಯಿಪಾಠ ಮಾಡ್ತೀವಿ. ಮೊದಲನೇದು ಓಎನ್‌ಎಎನ್: ಆಯಿಲ್ ನ್ಯಾಚುರಲ್, ಏರ್ ನ್ಯಾಚುರಲ್. ನಾಲ್ಕು ಅಕ್ಷರ. ಎರಡು ಎಣ್ಣೆಯದು, ಇನ್ನೆರಡು ಗಾಳಿಯದು. ಮೀನಿನ ತೊಟ್ಟಿ ಮಾಡೋರು ಮೊದಲ ಎರಡಕ್ಷರ ಓದಿ ಪುಸ್ತಕ ಮುಚ್ಚಿಬಿಡ್ತಾರೆ.

ನಮ್ಮ ಬೀದಿಯ ಟಿಸಿ ನೋಡಿ. 100 ಕೆವಿಎ ಟಿಸಿ ಪೂರ್ತಿ ಲೋಡ್‌ನಲ್ಲಿ ಒಂದೂವರೆಯಿಂದ ಎರಡು ಕಿಲೋವಾಟ್ ಬಿಸಿ ಬಿಡುತ್ತೆ, ಐದಾರು ಗೇಮಿಂಗ್ ಕಂಪ್ಯೂಟರ್‌ಗಳಷ್ಟು. ಒಳಗೆ ಎಣ್ಣೆ ಇದೆ, ನಿಜ. ಆದ್ರೆ ಹೊರಗೆ ಮಡಿಕೆ ಮಡಿಕೆಯಾಗಿ ರೆಕ್ಕೆಗಳಿವೆ. ಬಿಸಿ ಎಣ್ಣೆ ಮೇಲೇರಿ, ಆ ರೆಕ್ಕೆಗಳಲ್ಲಿ ಇಳಿಯುತ್ತಾ ತಣ್ಣಗಾಗಿ, ಕೆಳಗಿಂದ ಮತ್ತೆ ಒಳಗೆ ಬರುತ್ತೆ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಗೆ ಉಸಿರಾಡೋಕೆ ಸಿಲಿಕಾ ಜೆಲ್ ತುಂಬಿದ ಡಬ್ಬಿ ಇರುತ್ತೆ, ಯಾಕಂದ್ರೆ ಎಣ್ಣೆಗೆ ತೇವ ಸೇರಿದ್ರೆ ಅದರ ಇನ್ಸುಲೇಷನ್ ಶಕ್ತಿ ಬೀಳುತ್ತೆ. ಇನ್ನೊಂದು ಮಾತು. ಇಂಥ ಟಿಸಿಗಳ ಭಾರತೀಯ ಮಾನಕ ಐಎಸ್ 1180, ಹೊರಗಿನ ಗಾಳಿ 50 ಡಿಗ್ರಿವರೆಗೆ ಹೋಗಬಹುದು ಅಂತ ಮೊದಲೇ ಹಿಡಿದುಕೊಂಡಿದೆ. ನಮ್ಮ ಡೆಸ್ಕ್‌ಟಾಪ್‌ಗಳ ಮ್ಯಾನುಯಲ್ ತೆಗೆದು ನೋಡಿ, ಎಷ್ಟೋ ಕಡೆ 35 ಡಿಗ್ರಿಗೇ ನಿಲ್ಲಿಸಿರ್ತಾರೆ. ಒಂದನ್ನ ನಮ್ಮ ಬಿಸಿಲು ಗೊತ್ತಿದ್ದವರು ಮಾಡಿದ್ದಾರೆ, ಇನ್ನೊಂದನ್ನ ಎಸಿ ರೂಮ್ ನೆನೆಸಿಕೊಂಡು ಮಾಡಿದ್ದಾರೆ.

ಹಾಗಾದ್ರೆ ರೇಡಿಯೇಟರ್, ಪಂಪ್ ಹಾಕಿದ್ರೆ? ಬಿಸಿಯ ಸಮಸ್ಯೆ ಹೋಗುತ್ತೆ. ಆದ್ರೆ ರೇಡಿಯೇಟರ್‌ಗೆ ಮತ್ತೆ ಫ್ಯಾನ್ ಬೇಕು, ಧೂಳು ಬಂದು ಅದರ ಮೇಲೆ ಕೂರುತ್ತೆ. ತಿರುಗೋ ಹಾರ್ಡ್ ಡಿಸ್ಕ್‌ಗೆ ಗಾಳಿಯ ತೂತು ಇರುತ್ತೆ, ಅದನ್ನ ಮುಳುಗಿಸೋ ಹಾಗಿಲ್ಲ. ಥರ್ಮಲ್ ಪೇಸ್ಟ್ ನಿಧಾನಕ್ಕೆ ಎಣ್ಣೆಯಲ್ಲಿ ಬಿಟ್ಕೊಳ್ಳುತ್ತೆ. ನಾನು ಒಂದು ಹಳೇ ಯುಎಸ್‌ಬಿ ವೈರ್‌ನ ಎಣ್ಣೆ ಬಾಟ್ಲಿಯಲ್ಲಿ ಇಟ್ಟು ಕಾಲೇಜಿಗೆ ಬಂದಿದ್ದೆ. ದಸರಾ ರಜೆಗೆ ಹೋದಾಗ ವೈರ್ ಕಡ್ಡಿ ಆಗಿತ್ತು. ಎಣ್ಣೆ ಪಿವಿಸಿಯನ್ನ ಮೆತ್ತಗಿಡೋ ವಸ್ತುವನ್ನ ಹೀರಿಕೊಂಡಿತ್ತು. ಸಾಲದ್ದಕ್ಕೆ ವೈರ್ ಒಳಗಿಂದಲೇ ಎಣ್ಣೆ ಹತ್ತಿ ಹೊರಗೆ ಬಂದು, ಅಮ್ಮನ ಬೀರು ಕೆಳಗೆ ಕೆರೆ ಮಾಡಿತ್ತು. ಆಮೇಲಿನ ಮಂಗಳಾರತಿ ಇಲ್ಲಿ ಬೇಡ.

ಅಡುಗೆ ಎಣ್ಣೆ ಸಸ್ತಾ ಅಂತ ಕೆಲವರು ಹೇಳ್ತಾರೆ. ನಮ್ಮೂರಲ್ಲಿ ತೌಡಿಗೆ ಬರ ಇಲ್ಲ, ತೌಡಿನ ಎಣ್ಣೆ ಹಾಕೋಣ ಅಂತ ನಾನೂ ಅಂದಿದ್ದೆ. ಅಪ್ಪ ನಕ್ಕರು. "ತೌಡೇ ನಾಕು ದಿನ ಇಟ್ರ ಮುಗ್ಗು ವಾಸ್ನಿ ಬರ್ತೈತಿ, ಎಣ್ಣಿ ವರ್ಸ ಇರ್ತೈತೇನು?" ಅಕ್ಕಿ ಪಾಲಿಶ್ ಆದ ಕ್ಷಣದಿಂದ ತೌಡಿನ ಕೊಬ್ಬನ್ನ ಲೈಪೇಸ್ ಅನ್ನೋ ಕಿಣ್ವ ಒಡೆಯೋಕೆ ಶುರು ಮಾಡುತ್ತೆ, ಅದಕ್ಕೇ ತೌಡನ್ನ ಬೇಗ ಎಣ್ಣೆ ಗಿರಣಿಗೆ ಕಳಿಸ್ತಾರೆ. ರಿಫೈನ್ ಆದ ಎಣ್ಣೆಯಲ್ಲಿ ಆ ಕಿಣ್ವ ಇರಲ್ಲ, ಆದ್ರೆ ಬಿಸಿ, ಗಾಳಿ, ತಾಮ್ರ ಮೂರೂ ಸೇರಿದ್ರೆ ಅದೂ ಕೆಟ್ಟು ಅಂಟಂಟಾಗುತ್ತೆ. ಸಸ್ಯದ ಎಣ್ಣೆಯ ಟ್ರಾನ್ಸ್‌ಫಾರ್ಮರ್‌ಗಳು ಇವೆ. ಗಾಳಿ ಸೋಕದ ಹಾಗೆ ಸೀಲ್ ಮಾಡಿರ್ತಾರೆ.

ಮುಳುಗಿಸೋ ಕೂಲಿಂಗ್‌ಗೆ ಅದರದೇ ಜಾಗ ಇದೆ. 1985ರಲ್ಲಿ ಬಂದ ಕ್ರೇ-2 ಸೂಪರ್ ಕಂಪ್ಯೂಟರ್ ಫ್ಲೋರಿನರ್ಟ್ ಅನ್ನೋ ದ್ರವದಲ್ಲಿ ಮುಳುಗಿಯೇ ಓಡ್ತಿತ್ತು. ಈಗ ಎಐ ಸರ್ವರ್‌ಗಳನ್ನೂ ಕೆಲವು ಡೇಟಾ ಸೆಂಟರ್‌ಗಳಲ್ಲಿ ಹೀಗೇ ಮುಳುಗಿಸ್ತಾರೆ. ಚಿಕ್ಕ ಜಾಗದಲ್ಲಿ ಅಷ್ಟೊಂದು ಬಿಸಿ ಹುಟ್ಟಿದಾಗ ಗಾಳಿ ಸಾಲಲ್ಲ. ಆದ್ರೆ ಅಲ್ಲೂ ದ್ರವದ ಹಿಂದೆ ಪಂಪು, ಹೀಟ್ ಎಕ್ಸ್‌ಚೇಂಜರ್, ಹೊರಗೆ ಬಿಸಿ ಬಿಡೋ ವ್ಯವಸ್ಥೆ ಎಲ್ಲಾ ಇದೆ. ಫೋಟೋದಲ್ಲಿ ಬರೋದು ತೊಟ್ಟಿ ಮಾತ್ರ.

ನನ್ನ ನಿಜವಾದ ತಕರಾರು ಇಲ್ಲಿದೆ. ಆ ವಿಡಿಯೋಗಳಲ್ಲಿ ಮೋಸ ಇಲ್ಲ. ಮೊದಲ ಅರ್ಧ ಗಂಟೆ ಎಣ್ಣೆ ನಿಜವಾಗ್ಲೂ ತಣ್ಣಗೇ ಇರುತ್ತೆ, ವಿಡಿಯೋ ಹತ್ತು ನಿಮಿಷಕ್ಕೆ ಮುಗಿಯುತ್ತೆ. ನಮ್ಮ ಪ್ರಾಜೆಕ್ಟ್ ಎಕ್ಸಿಬಿಷನ್‌ಗಳೂ ಹಾಗೇ ಅಲ್ವಾ? ಜಡ್ಜ್ ಬಂದಾಗ ಹತ್ತು ನಿಮಿಷ ಓಡಿದ್ರೆ ಪ್ರೈಜ್. ಆರು ಗಂಟೆ ಓಡಿದ್ರೆ ಏನಾಗುತ್ತೆ ಅಂತ ಯಾರೂ ಕೇಳಲ್ಲ. ಮೇ ತಿಂಗಳ ಮಧ್ಯಾಹ್ನ, ಎಸಿ ಇಲ್ಲದ ಮನೇಲಿ ಏನಾಗುತ್ತೆ ಅಂತ ಮೊದಲೇ ಕೇಳಲ್ಲ. ಟಿಸಿ ಮಾಡಿದವರು ಅದನ್ನೇ ಮೊದಲು ಕೇಳಿದ್ರು.

ನಮ್ಮನೆ ಕಂಪ್ಯೂಟರ್ ಕಥೆ ಏನಾಯ್ತು? ಅಪ್ಪ ಭಾನುವಾರ ಮಿಲ್ಲಿಂದ ಬ್ಲೋವರ್ ತಂದ್ರು. ಫ್ಯಾನ್ ರೆಕ್ಕೆ ತಿರುಗದ ಹಾಗೆ ನಾನು ಬೆರಳಲ್ಲಿ ಹಿಡ್ಕೊಂಡೆ, ಅವರು ಊದಿದ್ರು. ಹೀಟ್ ಸಿಂಕ್‌ನಿಂದ ಭತ್ತದ ಹೊಟ್ಟಿನ ಧೂಳು ಒಂದು ಹಿಡಿ ಬಂತು. ಹೊಸ ಥರ್ಮಲ್ ಪೇಸ್ಟ್ ಹಾಕಿದ್ವಿ, ಗೋಡೆಗೆ ಒತ್ತಿದ್ದ ಕ್ಯಾಬಿನೆಟ್‌ನ ಒಂದು ಗೇಣು ಮುಂದೆ ಎಳೆದ್ವಿ, ಗ್ರಾಫಿಕ್ಸ್ ಕಾರ್ಡ್‌ನ ಪವರ್ ಮಿತಿ ಸ್ವಲ್ಪ ಇಳಿಸಿದೆ. ಅಕ್ಕನ ಎಂಟ್ರಿ ಆಮೇಲೆ ಮಧ್ಯದಲ್ಲಿ ನಿಂತಿಲ್ಲ. ಈಗ ತಿಂಗಳಿಗೊಮ್ಮೆ ಅವಳೇ ಊದ್ತಾಳೆ.

ಎಣ್ಣೆ ಪ್ರಯೋಗ ಮಾಡಲೇಬೇಕು ಅನ್ನೋರಿಗೆ ನಾನೂ ಜೊತೆ ಬರ್ತೀನಿ. ಸ್ಕ್ರ್ಯಾಪ್ ಬೋರ್ಡ್ ತನ್ನಿ, ಲ್ಯಾಬ್‌ನಲ್ಲಿ ಇಡೋಣ, ಥರ್ಮಾಮೀಟರ್ ಹಾಕಿ ಆರು ಗಂಟೆ ಓಡಿಸಿ ಗ್ರಾಫ್ ಬರೆಯೋಣ, ಪಕ್ಕದಲ್ಲಿ ಒಬ್ಬರು ಕೂತಿರಲಿ. ಮನೇಲಿರೋ ಒಂದೇ ಕಂಪ್ಯೂಟರ್‌ನ ಮಾತ್ರ ಬಿಟ್ಟುಬಿಡಿ. ಅದರ ಮೇಲೆ ಯಾರದೋ ಮೆಸ್ ಬಿಲ್ ನಿಂತಿರುತ್ತೆ.