ಬೆಳಿಗ್ಗೆ ಹಟ ಹಿಡಿಯುವ ಹಳೇ ಕಾರು

ರಾಜಾಜಿನಗರ, ಬಸವೇಶ್ವರನಗರಗಳ ಹಳೆಯ ಮನೆಗಳ ಮುಂದೆ ಪ್ರೀಮಿಯರ್ ಪದ್ಮಿನಿ, ಅಂಬಾಸಡರ್, ಮೊದಮೊದಲ ಮಾರುತಿ 800 ಕಾರುಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಇವುಗಳ ಒಡೆಯರ ದೂರು ಸಾಮಾನ್ಯವಾಗಿ ಒಂದೇ: ‘ಬೇಗ ಸ್ಟಾರ್ಟ್ ಆಗೋದಿಲ್ಲ’. ಕೂಡಲೇ ‘ಕಾರ್ಬ್ಯುರೇಟರ್ ಬದಲಿಸಿಬಿಡಿ’ ಎಂಬ ಸಲಹೆಯೂ ಬರುತ್ತದೆ. ಒಪ್ಪುವ ಮುನ್ನ ಸ್ವಲ್ಪ ತಾಳಿ. ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಕಾರಿನ ಜೊತೆಗೇ ಬಂದ ಅಸಲಿ ಕಾರ್ಬ್ಯುರೇಟರ್ ಗುಜರಿಗೆ ಹೋದರೆ ಅಂಥದ್ದು ಮತ್ತೆ ಸಿಗುವುದು ಕಷ್ಟ.

ಎಂಜಿನ್‌ಗೆ ಬೇಕಾದದ್ದು ಪೆಟ್ರೋಲು, ಗಾಳಿ ಮತ್ತು ಕಿಡಿ. ಯಾವುದು ತಪ್ಪಿದೆ ಎಂಬುದಕ್ಕೆ ಕಾರು ಹಟ ಮಾಡುವ ಹೊತ್ತೇ ಸುಳಿವು.

ಮೊದಲು ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಅದು 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಏದುಸಿರು ಬಿಡುತ್ತ ತಿರುಗಿದರೆ ಕಾರ್ಬ್ಯುರೇಟರನ್ನು ದೂರಬೇಡಿ.

ಧನುರ್ಮಾಸದ ಚಳಿಯಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗುವುದಿಲ್ಲ. ಆಗ ಚೋಕ್ ಪೂರ್ತಿ ಎಳೆದು ಸೆಲ್ಫ್ ಹೊಡೆಯಿರಿ. ಎಂಜಿನ್ ಬೆಚ್ಚಗಾಗುತ್ತಿದ್ದಂತೆ ಮೆಲ್ಲಗೆ ಒಳತಳ್ಳಿ. ಚೋಕ್ ಎಳೆದರೂ ಗುಣ ಕಾಣದಿದ್ದರೆ ಅದರ ಕೇಬಲ್ ಜಾರಿದೆಯೇ ನೋಡಿ. ವಾರಗಟ್ಟಲೆ ನಿಂತಿದ್ದರೆ ಫ್ಲೋಟ್ ಚೇಂಬರಿನ ಪೆಟ್ರೋಲು ಆರಿರುತ್ತದೆ. ಅದು ಮತ್ತೆ ತುಂಬಲು ನಾಲ್ಕಾರು ಬಾರಿ, ನಡುನಡುವೆ ಬಿಡುವು ಕೊಟ್ಟು ಸೆಲ್ಫ್ ಹೊಡೆಯಬೇಕಾಗುತ್ತದೆ.

ಬಿಸಿಯಾದಾಗಿನ ಹಟವೇ ಬೇರೆ. ವಿಜಯನಗರದಿಂದ ಮೈಸೂರು ರಸ್ತೆಯ ದಟ್ಟಣೆಯಲ್ಲಿ ತೆವಳುತ್ತ ಕೆಂಗೇರಿ ತಲುಪಿ, ಹತ್ತು ನಿಮಿಷ ನಿಲ್ಲಿಸಿದರೆ ಎಂಜಿನ್ ಕಾವಿಗೆ ಪೆಟ್ರೋಲು ಕುದಿದು ಒಳಕ್ಕೆ ಅತಿಯಾಗಿ ಹರಿದಿರುತ್ತದೆ. ಆಗ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ, ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡು ಸೆಲ್ಫ್ ಹೊಡೆಯಿರಿ. ಮಳೆಗಾಲದಲ್ಲಿ ಮಾತ್ರ ತೊಂದರೆಯೇ? ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿ.

ಇಷ್ಟಕ್ಕೂ ಬಗ್ಗದಿದ್ದರೆ ಸೆಲ್ಫ್ ಹೊಡೆದ ಬೆನ್ನಿಗೇ ಒಂದು ಪ್ಲಗ್ ಬಿಚ್ಚಿಸಿ. ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ: ಫಿಲ್ಟರ್, ಪೈಪು, ಪಂಪಿನ ಡಯಾಫ್ರಂ ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಕಿಡಿ ಸೋತಿದೆ ಅಥವಾ ಪೆಟ್ರೋಲೇ ಅತಿಯಾಗಿದೆ: ಪ್ಲಗ್, ಪಾಯಿಂಟ್, ಕಂಡೆನ್ಸರ್ ಪರೀಕ್ಷಿಸಬೇಕು. ಕಾರ್ಬ್ಯುರೇಟರಿನ ಸರದಿ ಆಮೇಲೆ. ಆಗಲೂ ಹೆಚ್ಚಿನ ವೇಳೆ ಜೆಟ್ ಶುಚಿ ಮಾಡಿ, ಫ್ಲೋಟ್ ಸೂಜಿ ಸರಿಪಡಿಸಿದರೆ ಸಾಕಾಗುತ್ತದೆ.

ಎರಡು ಎಚ್ಚರಿಕೆ. ಕಾರ್ಬ್ಯುರೇಟರಿನ ಬಾಯಿಗೆ ಕೈಯಿಂದ ಪೆಟ್ರೋಲು ಸುರಿದು ಸ್ಟಾರ್ಟ್ ಮಾಡುವುದು ಬೇಡವೇ ಬೇಡ. ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಬೆಂಕಿ ಮುಖಕ್ಕೇ ಬಡಿಯುತ್ತದೆ. ಇನ್ನೊಂದು, 2023ರಿಂದ ಬಂಕುಗಳಿಗೆ ಬಂದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರುತ್ತದೆ. ಹಳೆಯ ರಬ್ಬರನ್ನು ಕೆಡಿಸಬಲ್ಲದು. ಪೈಪುಗಳಲ್ಲಿ ಬಿರುಕು ಅಥವಾ ಪೆಟ್ರೋಲಿನ ವಾಸನೆ ಕಂಡರೆ ಅಂದೇ ಬದಲಾಯಿಸಿ.

ಮೆಕ್ಯಾನಿಕ್ ಬಳಿ ಹೋದಾಗ ಬರೀ ‘ಸ್ಟಾರ್ಟ್ ಆಗೋದಿಲ್ಲ’ ಎನ್ನಬೇಡಿ. ‘ತಣ್ಣಗಿದ್ದಾಗ ಆಗೋದಿಲ್ಲ, ಪ್ಲಗ್ ಒಣಗಿತ್ತು’ ಎನ್ನಿ. ಅರ್ಧ ರಿಪೇರಿ ಮುಗಿದಂತೆಯೇ.